ತಡೆದವರು ಕಾರಣ ಹೇಳಲಿ

ಕೋಲಾರ ಜಿಲ್ಲೆಯ ಮಾಲೂರು ಕೈಗಾರಿಕಾ ಪ್ರದೇಶದಲ್ಲೋ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲೋ ಊಟದ ಬಿಡುವು. ಊರಿನಲ್ಲಿ ಮಾವಿನ ತೋಟವಿರುವ ಶ್ರೀನಿವಾಸಪುರದ ಹುಡುಗನೊಬ್ಬ, ಹೂ ಬಿಟ್ಟ ಮರಕ್ಕೆ ಜಿಗಿಹುಳು ಬಿದ್ದರೆ ಏನು ಮಾಡಬೇಕೆಂದು ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕುತ್ತಾನೆ. ಕೃಷಿಯ ಬಗ್ಗೆ ಬರೆಯುವವರೊಬ್ಬರ ಕನ್ನಡ ಬ್ಲಾಗ್ ಸಿಗುತ್ತದೆ. ಒತ್ತಿದರೆ ತೆರೆದುಕೊಳ್ಳುವುದು ಬೇರೆಯೇ ಪುಟ. ಮೇಲೆ ಕಂಪನಿಯ ಲೋಗೊ, ಅದರ ಕೆಳಗೆ ಇದು ಇಂಟರ್ನೆಟ್ ಬಳಕೆಯ ನೀತಿಗೆ ವಿರುದ್ಧ ಎಂದು ಸಾರುವ ಇಂಗ್ಲಿಷ್ ಸಾಲು, ಇನ್ನೂ ಕೆಳಗೆ ಸಣ್ಣಕ್ಷರದಲ್ಲಿ ಬ್ಲಾಗಿನ ವಿಳಾಸ, ಕಂಪ್ಯೂಟರಿನ ಐಪಿ ಸಂಖ್ಯೆ, ಕೊನೆಗೆ ವರ್ಗ: ‘ಅನ್‌ರೇಟೆಡ್’.

ಆ ಕೊನೆಯ ಪದದಲ್ಲೇ ಇಡೀ ಸಮಸ್ಯೆ ಇದೆ. ಆ ಬ್ಲಾಗನ್ನು ಯಾರೋ ಓದಿ ಕೆಟ್ಟದ್ದೆಂದು ತೀರ್ಮಾನಿಸಿಲ್ಲ. ಅಶ್ಲೀಲವೆಂದಾಗಲಿ, ವೈರಸ್ ಇದೆಯೆಂದಾಗಲಿ, ಜೂಜಿನ ಜಾಲವೆಂದಾಗಲಿ ಯಾರೂ ಹೇಳಿಲ್ಲ. ಯಂತ್ರಕ್ಕೆ ಅದರ ಪರಿಚಯವಿಲ್ಲ, ಅಷ್ಟೇ. ಪರಿಚಯವಿಲ್ಲದ್ದನ್ನೆಲ್ಲ ಮುಚ್ಚು ಎಂದು ಯಾರೋ ಒಮ್ಮೆ ಸೆಟ್ಟಿಂಗ್ ಮಾಡಿಟ್ಟಿದ್ದಾರೆ. ಐಟಿಯವರಿಗೆ ಫೋನ್ ಮಾಡಿದರೆ ಬರುವ ಉತ್ತರ ಎಲ್ಲ ಆಫೀಸುಗಳಲ್ಲೂ ಹೆಚ್ಚುಕಡಿಮೆ ಒಂದೇ: “ಮೇಲಿನಿಂದ ಬಂದ ಪಾಲಿಸಿ, ನಮ್ಮ ಕೈಲಿಲ್ಲ.” ಮೇಲೆ ಎಂದರೆ ಎಲ್ಲಿ, ಯಾರು ಎಂದು ಕೇಳುವಷ್ಟು ಹೊತ್ತು ಊಟದ ಬಿಡುವಿನಲ್ಲಿ ಇರುವುದಿಲ್ಲ.

ಕಂಪನಿಗೆ ತನ್ನ ಜಾಲಕ್ಕೆ ಬೇಲಿ ಹಾಕುವ ಹಕ್ಕಿಲ್ಲವೆಂದು ಯಾರೂ ವಾದಿಸಲಾಗದು. ಹಕ್ಕು ಮಾತ್ರವಲ್ಲ, ಈಗ ಅದು ಹೊಣೆಯೂ ಹೌದು. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರ್ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಪಾಡಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಸರ್ಕಾರಿ ನೌಕರರಿಗೆ 2022ರ ಜೂನ್‌ನಲ್ಲಿ ಕೇಂದ್ರದ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಕೊಟ್ಟ ಮಾರ್ಗಸೂಚಿ ಖಾಸಗಿ ವಿಪಿಎನ್‌ಗಳನ್ನು ಬಳಸಬಾರದು, ಕಚೇರಿಯ ಗೋಪ್ಯ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಲ್ಲಿ ಇಡಬಾರದು ಎನ್ನುತ್ತದೆ. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿಯಂಥವನ್ನು ಬಳಸಕೂಡದೆಂದು ತನ್ನ ಸಿಬ್ಬಂದಿಗೆ ಸೂಚಿಸಿತು. ಒಬ್ಬ ನೌಕರ ಒತ್ತಿದ ಒಂದು ಕೆಟ್ಟ ಲಿಂಕಿನಿಂದ ಇಡೀ ಕಾರ್ಖಾನೆಯ ಉತ್ಪಾದನೆ ನಿಲ್ಲಬಹುದಾದ ಕಾಲವಿದು. ಐಟಿ ವಿಭಾಗದವರ ಭಯಕ್ಕೆ ಆಧಾರವಿದೆ.

ಆದರೆ ಭಯಕ್ಕೆ ಆಧಾರವಿದ್ದ ಮಾತ್ರಕ್ಕೆ ಪ್ರತಿ ತಡೆಗೂ ಆಧಾರವಿದೆ ಎಂದಾಗುವುದಿಲ್ಲ. ತಡೆದವರು ಏಕೆ ತಡೆದರೆಂದು ಹೇಳಬೇಕು, ತಪ್ಪಾಗಿದ್ದರೆ ತೆರೆಸಲು ಒಬ್ಬ ಮನುಷ್ಯ ಸಿಗಬೇಕು. ಈ ಎರಡೂ ಇಲ್ಲದಿರುವುದರಿಂದ ಹೆಚ್ಚು ಪೆಟ್ಟು ತಿನ್ನುತ್ತಿರುವುದು ಕನ್ನಡದ ಸಣ್ಣ ಪುಟಗಳು.

ಫಿಲ್ಟರ್ ಕೆಲಸ ಮಾಡುವ ಬಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಫೋರ್ಟಿನೆಟ್, ಪಾಲೋ ಆಲ್ಟೊ, ಸಿಸ್ಕೊ, ಸೋಫೋಸ್‌ನಂಥ ಕಂಪನಿಗಳು ಜಗತ್ತಿನ ಜಾಲತಾಣಗಳನ್ನು ವರ್ಗ ವರ್ಗವಾಗಿ ವಿಂಗಡಿಸಿ ದೊಡ್ಡ ಪಟ್ಟಿ ಇಟ್ಟುಕೊಂಡಿವೆ: ಬ್ಯಾಂಕಿಂಗ್, ಸುದ್ದಿ, ಜೂಜು, ವೈಯಕ್ತಿಕ ತಾಣ ಮತ್ತು ಬ್ಲಾಗ್, ಹೀಗೆ ಹತ್ತಾರು. ಆಫೀಸಿನ ಫೈರ್‌ವಾಲ್ ಪ್ರತಿ ವಿಳಾಸಕ್ಕೂ ಆ ಪಟ್ಟಿಯನ್ನು ಕೇಳುತ್ತದೆ. ಯಾವ ವರ್ಗ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ಆಫೀಸಿನ ಅಡ್ಮಿನ್ ಟಿಕ್ ಹಾಕಿ ನಿರ್ಧರಿಸುತ್ತಾನೆ. ಪಟ್ಟಿಯಲ್ಲಿ ಇಲ್ಲದ ಪುಟ ‘ಅನ್‌ರೇಟೆಡ್’ ಅಥವಾ ‘ಅನ್‌ನೋನ್’ ಆಗುತ್ತದೆ. ಪಾಲೋ ಆಲ್ಟೊ ಕಂಪನಿ ನೋಂದಣಿಯಾಗಿ 32 ದಿನ ತುಂಬದ ವಿಳಾಸಗಳಿಗೆಂದೇ ಬೇರೆ ವರ್ಗ ಇಟ್ಟಿದೆ. ಮೋಸದ ಜಾಲಗಳು ಹೊಸ ಹೊಸ ಹೆಸರಿನಲ್ಲಿ ಹುಟ್ಟಿ ಬೇಗನೆ ಸಾಯುವುದರಿಂದ ಈ ಎಚ್ಚರಿಕೆಗೆ ಅರ್ಥವಿದೆ. ಆದರೆ ಹೊಸದಾಗಿ ಸ್ವಂತ ವಿಳಾಸ ಕೊಂಡು ಬರೆಯತೊಡಗಿದ ಮುಳಬಾಗಿಲಿನ ಮೇಷ್ಟರೂ ಮೊದಲ ತಿಂಗಳು ಅದೇ ಗುಂಪಿನಲ್ಲಿ ನಿಲ್ಲಬೇಕಾಗುತ್ತದೆ.

ಇನ್ನೊಂದು ತೊಡಕು. ಈಗಿನ ಹೆಚ್ಚಿನ ತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ. ಓದುಗನ ಕಂಪ್ಯೂಟರಿಗೂ ತಾಣಕ್ಕೂ ನಡುವೆ ಹರಿಯುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ನಡುವೆ ನಿಂತ ಫೈರ್‌ವಾಲಿಗೆ ತಾಣದ ಹೆಸರು ಕಾಣುತ್ತದೆ, ಒಳಗಿನ ಲೇಖನ ಕಾಣದು. ಆಫೀಸಿನ ಕಂಪ್ಯೂಟರುಗಳಿಗೆ ತನ್ನದೇ ಸರ್ಟಿಫಿಕೇಟ್ ಹಾಕಿ ಬಿಚ್ಚಿ ನೋಡುವ ವ್ಯವಸ್ಥೆಯೂ ಉಂಟು. ಅದಿಲ್ಲದ ಕಡೆ ತೀರ್ಪೆಲ್ಲ ಹೆಸರಿನ ಮೇಲೆ. ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್‌ಗಳಲ್ಲಿ ಬರೆಯುವ ಸಾವಿರಾರು ಜನರ ವಿಳಾಸದ ಬಾಲ ಒಂದೇ ಆಗಿರುತ್ತದೆ. ಆ ಬಾಲಕ್ಕೆ ‘ಬ್ಲಾಗ್’ ಎಂಬ ಚೀಟಿ ಅಂಟಿ, ಆಫೀಸಿನಲ್ಲಿ ಬ್ಲಾಗ್ ವರ್ಗವೇ ಮುಚ್ಚಿದ್ದರೆ, ಹಳಗನ್ನಡ ಶಾಸನದ ಬಗ್ಗೆ ಬರೆದವರೂ ಸಿನಿಮಾ ಗಾಳಿಸುದ್ದಿ ಬರೆದವರೂ ಒಟ್ಟಿಗೇ ಹೊರಗೆ.

ಇಡೀ ಬಾಲವನ್ನೇ ಕತ್ತರಿಸಿದ ಉದಾಹರಣೆ ನಮ್ಮ ದೇಶದಲ್ಲೇ ಆಗಿಹೋಗಿದೆ. 2003ರ ಸೆಪ್ಟೆಂಬರಿನಲ್ಲಿ ಮೇಘಾಲಯದ ಪ್ರತ್ಯೇಕತಾವಾದಿ ಸಂಘಟನೆಯೊಂದಕ್ಕೆ ಸೇರಿದ ‘ಕಿನ್‌ಹುನ್’ ಎಂಬ ಒಂದೇ ಯಾಹೂ ಗ್ರೂಪನ್ನು ತಡೆಯಲು ಕೇಂದ್ರ ಸರ್ಕಾರ ಆದೇಶಿಸಿತು. ಆ ಒಂದನ್ನೇ ಬೇರ್ಪಡಿಸಿ ತಡೆಯಲಾಗದ ಇಂಟರ್ನೆಟ್ ಕಂಪನಿಗಳು ಯಾಹೂ ಗ್ರೂಪ್ಸ್ ಪೂರ್ತಿಯನ್ನೇ ಮುಚ್ಚಿದವು. ಮೂರು ವರ್ಷದ ನಂತರ, ಮುಂಬಯಿ ರೈಲು ಸ್ಫೋಟದ ಬೆನ್ನಲ್ಲೇ, 2006ರ ಜುಲೈ 13ರ ಆದೇಶದಲ್ಲಿ ದೂರಸಂಪರ್ಕ ಇಲಾಖೆ ಕೆಲವೇ ಪುಟಗಳನ್ನು ಹೆಸರಿಸಿತ್ತು. ಕಂಪನಿಗಳು ಬ್ಲಾಗ್‌ಸ್ಪಾಟ್, ಟೈಪ್‌ಪ್ಯಾಡ್, ಜಿಯೊಸಿಟೀಸ್‌ಗಳನ್ನೇ ಇಡಿಯಾಗಿ ತಡೆದವು. ಕನ್ನಡಕ್ಕೆ ಅದು ಕೆಟ್ಟ ಗಳಿಗೆ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’ ಜಾಲತಾಣ ಶುರುವಾಗಿ, ಯೂನಿಕೋಡ್ ಕೈಗೆ ಸಿಕ್ಕ ಉತ್ಸಾಹದಲ್ಲಿ ಬೆಂಗಳೂರಿನ ಐಟಿ ಹುಡುಗರು, ಪತ್ರಕರ್ತರು, ಪರದೇಶದ ಕನ್ನಡಿಗರು ಬ್ಲಾಗ್ ಬರೆಯತೊಡಗಿದ್ದ ಹೊತ್ತು ಅದು. ಅವರಲ್ಲಿ ಬಹಳಷ್ಟು ಜನರ ಮನೆ ಬ್ಲಾಗ್‌ಸ್ಪಾಟೇ ಆಗಿತ್ತು. ಸರ್ಕಾರ ಸ್ಪಷ್ಟನೆ ಕೊಟ್ಟ ಮೇಲೆ ತಡೆ ತೆರವಾಯಿತು, ನಿಜ. ಅಷ್ಟರಲ್ಲಿ ಒಂದು ಪುಟಕ್ಕೆ ಹೊಡೆದ ಏಟು ಊರಿಗೆಲ್ಲ ಬಿದ್ದಿತ್ತು.

2012ರ ಆಗಸ್ಟ್ ಕರ್ನಾಟಕದವರಿಗೆ ಇನ್ನೂ ಹತ್ತಿರದ ನೆನಪು. ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯುತ್ತದೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಡಿ, ಬೆಂಗಳೂರು ಸಿಟಿ ರೈಲು ನಿಲ್ದಾಣದಲ್ಲಿ ಸಾವಿರಾರು ಯುವಕ ಯುವತಿಯರು ಚೀಲ ಹಿಡಿದು ಗುವಾಹಟಿ ರೈಲಿಗೆ ಮುಗಿಬಿದ್ದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸರ್ಕಾರ ಒಮ್ಮೆಗೆ ಕಳಿಸಬಹುದಾದ ಎಸ್‌ಎಂಎಸ್‌ಗಳಿಗೆ ಮಿತಿ ಹಾಕಿತು, ಜಾಲತಾಣಗಳನ್ನು ತಡೆಯಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಪ್ರಾಣೇಶ್ ಪ್ರಕಾಶ್ ಆ ತಡೆಪಟ್ಟಿಯನ್ನು ಬಿಡಿಸಿ ನೋಡಿದಾಗ ಅದರಲ್ಲಿ 309 ಬಾಬ್ತುಗಳಿದ್ದವು. ದ್ವೇಷ ಹರಡುವ ಪುಟಗಳ ಜೊತೆಗೆ, ‘ಇದು ಸುಳ್ಳು ಸುದ್ದಿ, ನಂಬಬೇಡಿ’ ಎಂದು ವದಂತಿಯನ್ನು ಬಯಲಿಗೆಳೆದ ಬರಹಗಳೂ ಅದರಲ್ಲಿ ಸೇರಿಹೋಗಿದ್ದವು. ಬೆಂಕಿ ಆರಿಸಲು ಹೊರಟವರ ಕೈಯನ್ನೂ ಕಟ್ಟಿದ ಪಟ್ಟಿ ಅದು. ಅವಸರದಲ್ಲಿ, ಓದದೇ ತಡೆದರೆ ಆಗುವ ಅನಾಹುತಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಹಾಗಿದ್ದೂ ಸರ್ಕಾರ ತಡೆದಾಗ ಕೇಳಲು ಒಂದು ಬಾಗಿಲಾದರೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ, ಅದರಡಿಯ 2009ರ ನಿಯಮಗಳು ಒಂದು ಕ್ರಮವನ್ನು ಹೇಳುತ್ತವೆ. ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಸಮಿತಿ ಪರಿಶೀಲಿಸಬೇಕು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಾಲದ ಬರಹಕ್ಕೆ ಶಿಕ್ಷೆ ವಿಧಿಸುತ್ತಿದ್ದ 66ಎ ಕಲಮನ್ನು ರದ್ದು ಮಾಡಿ 69ಎ ಕಲಮನ್ನು ಉಳಿಸಿದ್ದು ಈ ರಕ್ಷಣೆಗಳನ್ನು ನಂಬಿಯೇ. ಆ ನಿಯಮಗಳಲ್ಲಿ ಗೋಪ್ಯತೆಯ ಪರದೆ ಬೇಕಾದಷ್ಟಿದೆ, ಅದರ ಬಗ್ಗೆ ಆಕ್ಷೇಪವೂ ಇದೆ. ತಡೆಯುವ ಮುನ್ನ ಖಾತೆದಾರನಿಗೆ ನೋಟಿಸ್ ಕೊಡಬೇಕೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನಲ್ಲೇ ವಾದಕ್ಕೆ ಬಂತು. ಟ್ವಿಟರ್ ಹಾಕಿದ್ದ ಅರ್ಜಿಯನ್ನು 2023ರ ಜೂನ್ 30ರಂದು ವಜಾ ಮಾಡಿದ ಕೋರ್ಟ್ 50 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ತೀರ್ಪು ಯಾರ ಪರವಾಗಿಯೇ ಇರಲಿ, ಅಲ್ಲಿ ಪ್ರಶ್ನೆ ಕೇಳುವುದಕ್ಕೆ ಒಂದು ಜಾಗವಿತ್ತು. ಆಫೀಸಿನ ಸರ್ವರ್ ರೂಮಿನಲ್ಲಿ ಕುಳಿತ ಪೆಟ್ಟಿಗೆಯ ಮುಂದೆ ಆ ಜಾಗವಿಲ್ಲ.

ತಡೆಯನ್ನು ಪ್ರಶ್ನಿಸುವುದು ಈ ನೆಲಕ್ಕೆ ಹೊಸದಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪತ್ರಿಕೋದ್ಯಮಕ್ಕೆ ಕಾಲಿಟ್ಟ ಕಾಲದಲ್ಲೇ ಮೈಸೂರು ಸಂಸ್ಥಾನಕ್ಕೆ 1908ರ ವೃತ್ತಪತ್ರಿಕಾ ಕಾನೂನು ಬಂತು. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕಿತ್ತು, ಕೊಟ್ಟದ್ದನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದಿತ್ತು. ತಾತಯ್ಯನೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಡಿವಿಜಿ ಮುಂದೆ ‘ಕರ್ನಾಟಕ’ ಪತ್ರಿಕೆ ನಡೆಸಿದರು, ಪತ್ರಿಕೆಗಳ ಸ್ವಾತಂತ್ರ್ಯಕ್ಕಾಗಿ ಬಹುಕಾಲ ಬರೆದರು. ಖಾಸಗಿ ಕಂಪನಿಯ ಫಿಲ್ಟರನ್ನು ಸಂಸ್ಥಾನದ ಆ ಕಾನೂನಿಗೆ ಸಮನೆಂದು ಹೇಳುವುದು ಅತಿಯಾದೀತು. ಅಂದಿನ ಪತ್ರಿಕೆಯವರಿಗೆ ತಮ್ಮನ್ನು ತಡೆದವರು ಯಾರೆಂದು ಗೊತ್ತಿತ್ತು, ಆದ್ದರಿಂದ ಹೋರಾಡಲು ಸಾಧ್ಯವಾಯಿತು ಎಂಬ ಒಂದು ವ್ಯತ್ಯಾಸವನ್ನಾದರೂ ಕೋಲಾರದವರು ಗಮನಿಸಬೇಕು. ಈಗ ಬರೆಯುವವನಿಗೆ ತನ್ನ ಪುಟ ಯಾವ ಯಾವ ಆಫೀಸಿನಲ್ಲಿ ಮುಚ್ಚಿದೆಯೆಂಬುದೇ ತಿಳಿಯುವುದಿಲ್ಲ. ಓದುಗರು ಕಡಿಮೆಯಾದರೆ ತನ್ನ ಬರಹವೇ ಸಪ್ಪೆಯಾಯಿತೇನೋ ಎಂದುಕೊಳ್ಳುತ್ತಾನೆ.

ಕನ್ನಡಕ್ಕೇ ಅಂಟಿಕೊಂಡ ಕೆಲವು ಕಷ್ಟಗಳಿವೆ. ಯೂನಿಕೋಡ್ ಬರುವ ಮುಂಚೆ ‘ನುಡಿ’, ‘ಬರಹ’ಗಳ ಹಳೆಯ ಫಾಂಟುಗಳಲ್ಲಿ ತುಂಬಿಸಿದ ಪುಟಗಳು ಇನ್ನೂ ಜಾಲದಲ್ಲಿವೆ. ಮನುಷ್ಯರ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಅವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಅಂಥದ್ದನ್ನು ಯಾವ ವರ್ಗಕ್ಕೆಂದು ಸೇರಿಸೀತು? ಕನ್ನಡ ಲಿಪಿಯಲ್ಲೇ ‘.ಭಾರತ’ ವಿಳಾಸ ಪಡೆದವರ ಹೆಸರು ಒಳಗೆ ‘ಎಕ್ಸ್‌ಎನ್’ನಿಂದ ಆರಂಭವಾಗುವ ಅಕ್ಷರ ಸರಣಿಯಾಗಿ ಬದಲಾಗುತ್ತದೆ. ಬೇರೆ ಲಿಪಿಯ ಹೋಲುವ ಅಕ್ಷರಗಳಿಂದ ಬ್ಯಾಂಕಿನ ಹೆಸರನ್ನು ನಕಲು ಮಾಡುವ ಮೋಸಗಾರರ ಕಾರಣದಿಂದ ಇಂಥ ವಿಳಾಸಗಳನ್ನು ಅನುಮಾನದಿಂದ ನೋಡುವ ಅಭ್ಯಾಸ ಭದ್ರತೆಯವರಲ್ಲಿದೆ.

ಇನ್ನು ಪದ ನೋಡಿ ತಡೆಯುವ ಹಳೆಯ ಬಗೆಯ ಫಿಲ್ಟರುಗಳು. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡ ವೆಂಕಟೇಶ ಅಯ್ಯಂಗಾರರಿಗೆ 1983ರ ಜ್ಞಾನಪೀಠ ಬಂತು. ಕನ್ನಡ ಸಣ್ಣಕಥೆಯ ಆ ಹಿರಿಯರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ, ಹಿಂದಿಯಲ್ಲಿ ಮೋಜು ಎಂಬರ್ಥದ ಪದ ಕಾಣುತ್ತದೆ. ಮನರಂಜನೆಯ ತಾಣಗಳನ್ನು ತಡೆಯಲು ಯಾರಾದರೂ ಆ ಪದವನ್ನು ಪಟ್ಟಿಗೆ ಹಾಕಿದರೆ ಮಾಸ್ತಿಯವರ ಕಥೆಗಳ ಪುಟವೂ ಅದರೊಂದಿಗೆ ಹೋಗುತ್ತದೆ. ಇದು ಬರೀ ಊಹೆಯ ಭಯವಲ್ಲ. ಇಂಗ್ಲೆಂಡಿನ ಸ್ಕನ್‌ಥಾರ್ಪ್ ಪಟ್ಟಣದವರು 1996ರಲ್ಲಿ ತಮ್ಮ ಊರಿನ ಹೆಸರಿನಲ್ಲಿ ಅಡಗಿದ್ದ ನಾಲ್ಕು ಅಕ್ಷರಗಳಿಂದಾಗಿ ಎಒಎಲ್ ಇಂಟರ್ನೆಟ್ ಸೇವೆಗೆ ನೋಂದಾಯಿಸಿಕೊಳ್ಳಲಾಗದೆ ಪರದಾಡಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಬೀವರ್ ಕಾಲೇಜು 1853ರಿಂದ ಇದ್ದ ಸಂಸ್ಥೆ. ಅದರ ಹೆಸರನ್ನು ಅಶ್ಲೀಲವೆಂದು ತಿಳಿದು ಶಾಲೆಗಳ ಫಿಲ್ಟರುಗಳು ತಡೆಯುತ್ತಿದ್ದುದೂ ಒಂದು ಕಾರಣವಾಗಿ 2001ರಲ್ಲಿ ಅದು ಆರ್ಕೇಡಿಯಾ ವಿಶ್ವವಿದ್ಯಾಲಯವಾಯಿತು. ಮಾಸ್ತಿ ಗ್ರಾಮ ಹೆಸರು ಬದಲಿಸಲಾಗದು, ಬದಲಿಸಬೇಕಾಗಿಯೂ ಇಲ್ಲ.

“ಮೊಬೈಲ್ ಇದೆಯಲ್ಲ, ಅದರಲ್ಲಿ ಓದಲಿ” ಎನ್ನುವವರಿದ್ದಾರೆ. ಮಾರಿಕುಪ್ಪಂ ಕಡೆಯಿಂದ ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಎಷ್ಟೋ ಜನ ಹಾಗೆಯೇ ಓದುತ್ತಾರೆ. ಅಷ್ಟರಿಂದ ಕೆಲಸದ ಜಾಗದ ಪ್ರಶ್ನೆ ತೀರುವುದಿಲ್ಲ. ಉತ್ಪಾದನಾ ವಿಭಾಗದೊಳಗೆ ಮೊಬೈಲ್ ತರಬಾರದೆಂಬ ನಿಯಮ ಎಷ್ಟೋ ಕಾರ್ಖಾನೆಗಳಲ್ಲಿದೆ. ಇದಕ್ಕಿಂತ ಮುಖ್ಯವಾಗಿ, ಕೆಲಸಕ್ಕೇ ಬೇಕಾದ ಓದು ಕನ್ನಡದಲ್ಲಿದ್ದರೆ? ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರು ಪಹಣಿ, ಪೋಡಿಯ ಬಗ್ಗೆ ನಿವೃತ್ತ ಅಧಿಕಾರಿಯೊಬ್ಬರು ಬರೆದ ವಿವರಣೆ ಹುಡುಕಬಹುದು. ಕಾರ್ಖಾನೆಯ ಎಚ್‌ಆರ್ ವಿಭಾಗದವರು ಕಾರ್ಮಿಕ ಕಾನೂನನ್ನು ಸರಳಗನ್ನಡದಲ್ಲಿ ತಿಳಿಸುವ ಬರಹ ಹುಡುಕಬಹುದು. ಇಂಗ್ಲಿಷಿನಲ್ಲಿ ಇದೇ ವಿಷಯ ದೊಡ್ಡ ಸಂಸ್ಥೆಗಳ ತಾಣದಲ್ಲಿ ಸಿಗುತ್ತದೆ, ಅವು ಪಟ್ಟಿಯಲ್ಲಿರುತ್ತವೆ, ತೆರೆಯುತ್ತವೆ. ಕನ್ನಡದಲ್ಲಿ ಬಹುಪಾಲು ತಿಳಿವಳಿಕೆ ಒಬ್ಬೊಬ್ಬರ ಆಸಕ್ತಿಯಿಂದ, ಅವರವರ ಬ್ಲಾಗುಗಳಲ್ಲಿ ಬೆಳೆದಿದೆ. ಬ್ಲಾಗ್ ವರ್ಗವನ್ನೋ ಅನ್‌ರೇಟೆಡ್ ವರ್ಗವನ್ನೋ ಸಾರಾಸಗಟಾಗಿ ಮುಚ್ಚುವ ಆಫೀಸು ತನಗರಿವಿಲ್ಲದೆ ಕನ್ನಡದ ಓದನ್ನೇ ಹೆಚ್ಚು ಮುಚ್ಚುತ್ತದೆ.

ಹಾಗೆಂದು ನೌಕರರು ಕಳ್ಳದಾರಿ ಹಿಡಿಯುವುದು ತಪ್ಪು. ಉಚಿತ ಪ್ರಾಕ್ಸಿ, ಹೆಸರಿಲ್ಲದ ವಿಪಿಎನ್ ಆ್ಯಪ್‌ಗಳನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿಕೊಂಡರೆ ಓದಿದ್ದು ಒಂದು ಲೇಖನ, ಒಪ್ಪಿಸಿದ್ದು ಇಡೀ ಆಫೀಸಿನ ಬೀಗದ ಕೈ. ಯಾವ ಪುಟಕ್ಕೆ ಯಾರು ಪ್ರಯತ್ನಿಸಿದರೆಂಬುದು ಲಾಗ್‌ನಲ್ಲಿ ಉಳಿಯುತ್ತದೆ, ಕೆಲಸಕ್ಕೂ ಸಂಚಕಾರ. ನೇರದಾರಿ ಇದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಫೋರ್ಟಿನೆಟ್‌ನ ಫೋರ್ಟಿಗಾರ್ಡ್, ಪಾಲೋ ಆಲ್ಟೊ, ಸಿಸ್ಕೊದ ಟ್ಯಾಲೋಸ್ ಎಲ್ಲವೂ ಒಂದು ವಿಳಾಸ ಯಾವ ವರ್ಗದಲ್ಲಿದೆಯೆಂದು ನೋಡುವ ಪುಟವನ್ನು ತಮ್ಮ ತಾಣದಲ್ಲಿ ಇಟ್ಟಿವೆ. ತಪ್ಪಾಗಿದ್ದರೆ ಅಲ್ಲಿಂದಲೇ ತಿದ್ದಲು ಕೋರಬಹುದು. ತಡೆಪುಟದ ಸ್ಕ್ರೀನ್‌ಶಾಟ್, ವಿಳಾಸ, ಅದು ಕೆಲಸಕ್ಕೆ ಏಕೆ ಬೇಕೆಂಬ ಎರಡು ಸಾಲು ಸೇರಿಸಿ ಐಟಿ ವಿಭಾಗಕ್ಕೆ ಟಿಕೆಟ್ ಹಾಕಿದರೆ, ಬಾಯಿಮಾತಿನಲ್ಲಿ ಕೇಳಿದಾಗ ಸಿಗದ ಉತ್ತರ ಬರಹದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಟಿಕೆಟಿಗೆ ನಂಬರ್ ಇರುತ್ತದೆ, ಮುಚ್ಚುವಾಗ ಕಾರಣ ಬರೆಯಬೇಕಾಗುತ್ತದೆ.

ಬರೆಯುವವರೂ ತಮ್ಮ ಪಾಲಿನದು ಮಾಡಬಹುದು. ಸಾಧ್ಯವಾದರೆ ಸ್ವಂತ ವಿಳಾಸ ಕೊಳ್ಳುವುದು, ಹಳೆಯ ಫಾಂಟಿನ ಬರಹಗಳನ್ನು ಯೂನಿಕೋಡಿಗೆ ತರುವುದು, ತಮ್ಮ ತಾಣದ ವರ್ಗವನ್ನು ತಾವೇ ಹೋಗಿ ನೋಡಿ ‘ಶಿಕ್ಷಣ’, ‘ಕೃಷಿ’, ‘ಸಾಹಿತ್ಯ’ ಎಂದು ಸರಿಪಡಿಸುವಂತೆ ಕೇಳುವುದು, ಲೇಖನಗಳನ್ನು ಇಮೇಲ್ ಮೂಲಕವೂ ತಲುಪಿಸುವುದು. ಇವುಗಳಲ್ಲಿ ಹೆಚ್ಚಿನದಕ್ಕೆ ದುಡ್ಡು ಬೇಡ, ಒಂದೆರಡು ಸಂಜೆ ಬೇಕು.

ಆದರೂ ಮುಖ್ಯ ಹೊಣೆ ತಡೆಯುವವರದ್ದೇ. ಇದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 2003ರ ಒಂದು ತೀರ್ಪು ದಾರಿ ತೋರುತ್ತದೆ. ಸರ್ಕಾರದ ನೆರವು ಪಡೆಯುವ ಸಾರ್ವಜನಿಕ ಗ್ರಂಥಾಲಯಗಳು ಫಿಲ್ಟರ್ ಹಾಕಲೇಬೇಕೆಂಬ 2000ದ ಕಾನೂನನ್ನು ಗ್ರಂಥಾಲಯಗಳ ಸಂಘ ಪ್ರಶ್ನಿಸಿತ್ತು. ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ವಯಸ್ಕ ಓದುಗ ಗ್ರಂಥಪಾಲಕರನ್ನು ಕೇಳಿದರೆ ತಡೆ ತೆಗೆಯಬಹುದೆಂಬುದು ಆ ತೀರ್ಪಿಗೆ ದೊಡ್ಡ ಆಸರೆಯಾಯಿತು. ಅಂದರೆ ತಡೆ ನ್ಯಾಯವಾಗಿ ಉಳಿಯಬೇಕಾದರೆ ತೆರೆಯುವ ಮನುಷ್ಯ ಹತ್ತಿರದಲ್ಲೇ ಇರಬೇಕು. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ, ಅವುಗಳಿಗೆ ಕಂಪ್ಯೂಟರ್ ಬರುತ್ತಿರುವ ಈ ಹೊತ್ತಿನಲ್ಲಿ ಈ ಮಾತು ಆಫೀಸಿಗಿಂತ ಅಲ್ಲಿಗೆ ಹೆಚ್ಚು ಅನ್ವಯಿಸುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಶ್ರೀನಿವಾಸಪುರದ ಹುಡುಗಿಗೆ ತಡೆಪುಟ ಕಂಡರೆ, ಮೇಲ್ವಿಚಾರಕರಿಗೆ ಅದನ್ನು ತೆರೆಯುವ ಅಧಿಕಾರ ಅಲ್ಲೇ ಇರಬೇಕು.

ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮನಸ್ಸು ಮಾಡಿದರೆ ನಂಬಿಕೆಗೆ ಯೋಗ್ಯವಾದ ಕನ್ನಡ ತಾಣಗಳ, ಬ್ಲಾಗುಗಳ ಪಟ್ಟಿಯೊಂದನ್ನು ತಯಾರಿಸಿ, ವರ್ಷಕ್ಕೊಮ್ಮೆ ಪರಿಷ್ಕರಿಸಿ, ಫಿಲ್ಟರ್ ಕಂಪನಿಗಳಿಗೆ ಒಟ್ಟಾಗಿ ಕಳಿಸಬಹುದು. ಒಬ್ಬೊಬ್ಬ ಬರಹಗಾರ ಒಂದೊಂದು ಕಂಪನಿಯ ಬಾಗಿಲು ಬಡಿಯುವುದಕ್ಕಿಂತ ಅದು ಬೇಗ ಆಗುವ ಕೆಲಸ. ಕೋಲಾರ ಜಿಲ್ಲೆಯ ಕಾರ್ಖಾನೆಗಳು ಅಷ್ಟರವರೆಗೆ ಕಾಯಬೇಕಾಗಿಲ್ಲ. ಅನ್‌ರೇಟೆಡ್ ವರ್ಗವನ್ನು ಪೂರ್ತಿ ತಡೆಯುವ ಬದಲು ಎಚ್ಚರಿಕೆ ತೋರಿಸಿ ಮುಂದುವರಿಯಲು ಬಿಡುವ ಆಯ್ಕೆ ಹೆಚ್ಚಿನ ಫೈರ್‌ವಾಲುಗಳಲ್ಲಿದೆ. ತಡೆಪುಟದ ಮೇಲಿನ ಬರಹವನ್ನೂ ಅಡ್ಮಿನ್ ತಿದ್ದಬಹುದು, ಕನ್ನಡದಲ್ಲೇ ಬರೆಯಬಹುದು. ಯಾವ ವರ್ಗದ ಕಾರಣಕ್ಕೆ ತಡೆಯಲಾಗಿದೆ, ಆ ನಿಯಮ ಮಾಡಿದ ಅಧಿಕಾರಿಯ ಹುದ್ದೆ ಯಾವುದು, ತೆರೆಸಲು ಯಾವ ಇಮೇಲಿಗೆ ಬರೆಯಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ: ಇಷ್ಟು ನಾಲ್ಕು ಸಾಲನ್ನು ಅಲ್ಲಿ ಸೇರಿಸಲು ಹೊಸ ಯಂತ್ರ ಬೇಡ, ಹೊಸ ಲೈಸೆನ್ಸ್ ಬೇಡ. ಮುಂದಿನ ವಾರವೇ ಆಗಬಹುದಾದ ಕೆಲಸ ಇದು.